ದಿನನಿತ್ಯದ ಬದುಕಿನ ಬಗ್ಗೆ ನಗಿಸುವ ಹೈಕು ಬರೆಯುವುದು ಹೇಗೆ?

ಹೈಕು ಅಂದರೆ ಜಪಾನಿನ ಮೂರು ಸಾಲಿನ ಪುಟ್ಟ ಪದ್ಯ. ನಗಿಸುವ ಹೈಕುಗೆ ಅಲ್ಲಿ ಬೇರೆಯೇ ಹೆಸರಿದೆ: ಸೆನ್ರ್ಯು. ಇಂಥ ಪದ್ಯಗಳನ್ನು ಆರಿಸುತ್ತಿದ್ದ ಕರಾಯ್ ಸೆನ್ರ್ಯು (1718–1790) ಅವರಿಂದ ಬಂದ ಹೆಸರು. ಹೈಕು ಹೆಚ್ಚಾಗಿ ಋತು, ಪ್ರಕೃತಿ ನೋಡುತ್ತದೆ. ಸೆನ್ರ್ಯು ಮನುಷ್ಯರನ್ನು ನೋಡುತ್ತದೆ. ಅಳತೆ ಒಂದೇ, 5-7-5.

ಕನ್ನಡದಲ್ಲಿ ಮೂರು ಸಾಲಿಗೆ ಕ್ರಮವಾಗಿ ಇಷ್ಟು ಅಕ್ಷರ ಅಂತ ಎಣಿಸಿದರೆ ಸಾಕು. ಒತ್ತಕ್ಷರ ಇದ್ದರೂ ಒಂದೇ ಅಂತ ಲೆಕ್ಕ. ಬೆಂಗಳೂರಿನಿಂದ ಸಂಜೆ ರೈಲಲ್ಲಿ ತುಮಕೂರಿಗೆ ಮರಳುವವರ ಪಾಡು ನೋಡಿ:

ಸೀಟು ಸಿಕ್ಕಿತು
ಕಿಟಕಿಯ ಪಕ್ಕವೇ
ನಮ್ಮೂರು ಬಂತು

ಮೊದಲ ಎರಡು ಸಾಲು ಖುಷಿ ಕೊಡುತ್ತವೆ, ಮೂರನೆಯದು ಕಿತ್ತುಕೊಳ್ಳುತ್ತದೆ. ‘ಅಯ್ಯೋ, ಎಂಥ ದುರದೃಷ್ಟ’ ಅಂತ ಬರೆದಿದ್ದರೆ ನಗು ಅಲ್ಲೇ ಸಾಯುತ್ತಿತ್ತು, ಅಲ್ವಾ? ಭಾವನೆಯ ಹೆಸರು ಹೇಳಬೇಡಿ, ನಡೆದದ್ದನ್ನಷ್ಟೇ ಹೇಳಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ಹನಿಗವನ ಓದಿ ಬೆಳೆದ ನಮಗೆ ಪ್ರಾಸ, ಶ್ಲೇಷೆ ಬೇಗ ಬರುತ್ತವೆ. ಇಲ್ಲಿ ಅವು ಜಾಸ್ತಿ ಬೇಕಿಲ್ಲ. ವಿಷಯಕ್ಕಂತೂ ಬರವಿಲ್ಲ: ಕೋಲಾರದ ಟೊಮೆಟೊ ರೇಟು, ಮದುವೆ ಊಟದಲ್ಲಿ ಎರಡನೇ ಪಂಕ್ತಿಗೆ ಕಾಯುವುದು, ಚಟ್ನಿ ಅರ್ಧವಾದಾಗ ಕರೆಂಟು ಹೋಗುವುದು. ಬರೆದ ಮೇಲೆ ಒಮ್ಮೆ ಜೋರಾಗಿ ಓದಿ. ಎರಡನೇ ಸಾಲಿಗೇ ಗುಟ್ಟು ಗೊತ್ತಾಗಿಬಿಟ್ಟರೆ ಸಾಲುಗಳನ್ನು ಅದಲುಬದಲು ಮಾಡಿ.