ತ್ರಿಕೋನದಲ್ಲಿ ಹೆಚ್ಚಾಗಿ ಬಂದ ಸೆಕೆಂಡುಗಳು

ಪ್ರಶ್ನೆ: ಚಿತ್ರದುರ್ಗದ ಸುತ್ತಲಿನ ಮೂರು ಗುಡ್ಡಗಳ ನಡುವೆ, ಪ್ರತಿ ಬದಿಯೂ ಸುಮಾರು 20 ಕಿ.ಮೀ. ಇರುವ ತ್ರಿಕೋನದ ಕೋನಗಳನ್ನು ಥಿಯೋಡೊಲೈಟಿನಿಂದ (ಕೋನ ಅಳೆಯುವ ದೂರದರ್ಶಕ ಉಪಕರಣ) ಅಳೆದೆವು. ಮೊತ್ತ 180 ಡಿಗ್ರಿಗಿಂತ 4 ಸೆಕೆಂಡು (ಸೆಕೆಂಡು ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಹೆಚ್ಚು ಬಂದಿದೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರುವುದೇ ಇದಕ್ಕೆ ಕಾರಣವೇ?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಚಪ್ಪಟೆತನದ ಪಾಲು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಭೂಮಿ ಪರಿಪೂರ್ಣ ಗೋಳವಾಗಿದ್ದರೂ ಅದರ ಮೇಲಿನ ತ್ರಿಕೋನದ ಮೊತ್ತ 180 ಡಿಗ್ರಿಯನ್ನು ಮೀರುತ್ತದೆ. ಈ ಗೋಳೀಯ ಆಧಿಕ್ಯ ಸುಮಾರು 197 ಚದರ ಕಿ.ಮೀ.ಗೆ 1 ಸೆಕೆಂಡಿನಂತೆ ಬೆಳೆಯುತ್ತದೆ. ನಿಮ್ಮ ತ್ರಿಕೋನದ ವಿಸ್ತೀರ್ಣ ಹೆಚ್ಚುಕಡಿಮೆ 173 ಚದರ ಕಿ.ಮೀ. ಆಗುವುದರಿಂದ ನ್ಯಾಯವಾಗಿ ಬರಬೇಕಾದದ್ದು 0.9 ಸೆಕೆಂಡು. ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ 1787ರಲ್ಲಿ ಕೊಟ್ಟ ನಿಯಮದಂತೆ ಪ್ರತಿ ಕೋನದಿಂದ ಈ ಆಧಿಕ್ಯದ ಮೂರನೇ ಒಂದು ಭಾಗವನ್ನು ಕಳೆದರೆ ಬದಿಗಳನ್ನು ಸಮತಲ ತ್ರಿಕೋನದ ಸೂತ್ರದಿಂದಲೇ ಲೆಕ್ಕ ಹಾಕಬಹುದು.

ಉಳಿದ 3 ಸೆಕೆಂಡನ್ನು ಭೂಮಿಯ ತಲೆಗೆ ಕಟ್ಟಬೇಡಿ. 20 ಕಿ.ಮೀ. ದೂರದಲ್ಲಿ 1 ಸೆಕೆಂಡು ಎಂದರೆ ಸುಮಾರು 10 ಸೆಂ.ಮೀ.; ಗುರಿಕಂಬ ಒಂದು ಗೇಣು ಪಕ್ಕಕ್ಕೆ ವಾಲಿದ್ದರೂ ಎರಡು ಸೆಕೆಂಡು ಹೋಯಿತು. ಮಧ್ಯಾಹ್ನ ಕಾದ ಬಂಡೆಗಳ ಮಗ್ಗುಲಲ್ಲಿ ಹಾದುಹೋಗುವ ದೃಷ್ಟಿರೇಖೆಯೂ ಬಾಗುತ್ತದೆ.

ಭೂಮಿಯ ದೀರ್ಘವೃತ್ತಜ (ಧ್ರುವಗಳಲ್ಲಿ ಚಪ್ಪಟೆಯಾದ ಗೋಳ) ಆಕಾರಕ್ಕೆಂದೇ ಮಾಡುವ ತಿದ್ದುಪಡಿಗಳು ಬೇರೆ ಇವೆ. ಆ ಮೇಲ್ಮೈಗೆ ಎರಡು ಸ್ಥಳಗಳಲ್ಲಿ ಎಳೆದ ಲಂಬಗಳು ಸಾಮಾನ್ಯವಾಗಿ ಒಂದೇ ಸಮತಲದಲ್ಲಿ ಇರುವುದಿಲ್ಲವಾದ್ದರಿಂದ, ಎತ್ತರದಲ್ಲಿರುವ ಗುರಿ ಅದರ ಬುಡದ ಬಿಂದುವಿನ ದಿಕ್ಕಿನಿಂದ ತುಸು ಸರಿದು ಕಾಣುತ್ತದೆ. ಗುರಿಯು ಆ ಮೇಲ್ಮೈಯಿಂದ 1000 ಮೀ. ಎತ್ತರದಲ್ಲಿದ್ದು ಈಶಾನ್ಯ ದಿಕ್ಕಿಗಿದ್ದರೆ ನಿಮ್ಮ ಅಕ್ಷಾಂಶದಲ್ಲಿ ಈ ವ್ಯತ್ಯಾಸ 0.1 ಸೆಕೆಂಡು, ಗುರಿ ನೇರ ಉತ್ತರಕ್ಕೋ ಪೂರ್ವಕ್ಕೋ ಇದ್ದರೆ ಬಹುತೇಕ ಸೊನ್ನೆ. ಜಿಯೊಡೆಸಿಕ್ ರೇಖೆಗೆ (ಆ ಮೇಲ್ಮೈ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ) ಮಾಡುವ ತಿದ್ದುಪಡಿಯಂತೂ 20 ಕಿ.ಮೀ.ಗೆ ಸೆಕೆಂಡಿನ ಸಾವಿರದ ಒಂದು ಭಾಗ. ಇವೆರಡಕ್ಕಿಂತ ಲಂಬದ ವಿಚಲನೆಯ ಕಡೆ ಗಮನವಿರಲಿ: ಸ್ಥಳೀಯ ಗುರುತ್ವದಿಂದ ಉಪಕರಣದ ಲಂಬ 10 ಸೆಕೆಂಡು ವಾಲಿದ್ದು, ಗುರಿ ಕ್ಷಿತಿಜಕ್ಕಿಂತ 1 ಡಿಗ್ರಿ ಮೇಲಿದ್ದರೆ ದೋಷ 0.17 ಸೆಕೆಂಡಿನವರೆಗೆ ಹೋಗಬಹುದು.

ಯುಟಿಎಂ ನಕ್ಷೆಯ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ವಿಂಗಡಿಸಿ ಸಮತಲಕ್ಕೆ ಇಳಿಸುವ ಪದ್ಧತಿ) ನಿರ್ದೇಶಾಂಕಗಳೊಂದಿಗೆ ತಾಳೆ ನೋಡುವಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಚಿತ್ರದುರ್ಗ 43ನೇ ವಲಯದ ಮಧ್ಯರೇಖೆಯಾದ 75 ಡಿಗ್ರಿ ರೇಖಾಂಶದಿಂದ ಸುಮಾರು 150 ಕಿ.ಮೀ. ಪೂರ್ವಕ್ಕಿದೆ, ಅಲ್ಲಿ ಉತ್ತರ–ದಕ್ಷಿಣವಾಗಿ 20 ಕಿ.ಮೀ. ಸಾಗುವ ರೇಖೆ ನಕ್ಷೆಯ ಮೇಲೆ ಬಾಗುವುದರಿಂದ ದಿಕ್ಕಿಗೆ 7.6 ಸೆಕೆಂಡಿನ ತಿದ್ದುಪಡಿ ಬೇಕಾಗುತ್ತದೆ. ಅದೇ ಉದ್ದದ ಪೂರ್ವ–ಪಶ್ಚಿಮ ರೇಖೆಗೆ ಏನೂ ಬೇಕಿಲ್ಲ.