ಸೇಡಿನ ದೃಶ್ಯಕ್ಕೆ ಕೇಕೆ ಹಾಕಿ ಆಮೇಲೆ ಹೇಸಿಗೆಯಾದರೆ, ಅಂಥ ಸಿನಿಮಾ ನೋಡುವುದನ್ನೇ ಬಿಡಬೇಕೇ?

ಭಾನುವಾರ ರಾತ್ರಿ ಜಯನಗರದ ರೂಮಿನಲ್ಲಿ ಗೆಳೆಯರೆಲ್ಲ ಸೇರಿ ಎಪ್ಪತ್ತರ ದಶಕದ ರೇಪ್-ರಿವೆಂಜ್ ಹಾರರ್ (ಮೊದಲರ್ಧ ಅತ್ಯಾಚಾರ, ಎರಡನೆಯ ಅರ್ಧ ಅದರ ಸೇಡು) ಹಾಕುತ್ತೀರಿ, ಹೆಣ್ಣು ತಿರುಗಿಬಿದ್ದಾಗ ಎಲ್ಲರ ಜೊತೆ ನೀವೂ ಕೇಕೆ ಹಾಕುತ್ತೀರಿ, ಮಲಗುವ ಹೊತ್ತಿಗೆ ಹೊಟ್ಟೆ ತೊಳಸುತ್ತದೆ ಅಂತ ಬರೆದಿದ್ದೀರಿ. ಈ ತೊಳಸಾಟ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಸುತ್ತುಬಳಸಿಲ್ಲದೆ ಹೇಳುತ್ತೇನೆ: ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ನೀವು ನಿಮ್ಮ ಕೇಕೆಯನ್ನು ವಿಚಾರಣೆ ಮಾಡುತ್ತಿದ್ದೀರಿ. ವಿಚಾರಣೆ ಮಾಡಬೇಕಾದದ್ದು ಸಿನಿಮಾದ ಮೊದಲ ಅರ್ಧವನ್ನು.

ನಾನೂ ಬಹಳ ಕಾಲ ನಿಮ್ಮ ಹಾಗೇ ತಕ್ಕಡಿ ಹಿಡಿದು ಕೂತಿದ್ದವನು. ಒಂದು ತಟ್ಟೆಯಲ್ಲಿ ಅವಳ ಮೇಲಾದದ್ದು, ಇನ್ನೊಂದರಲ್ಲಿ ಅವಳು ಮಾಡಿದ್ದು. ಸಮವಾದರೆ ಸಿನಿಮಾ ನ್ಯಾಯವಾದದ್ದು, ಸೇಡಿನ ಕಡೆ ವಾಲಿದರೆ ಕೆಟ್ಟದ್ದು. ಈ ಲೆಕ್ಕ ಎಷ್ಟು ಸಹಜವಾಗಿ ಕಾಣುತ್ತದೆಂದರೆ ಅದರಲ್ಲಿರುವ ಮೋಸ ಬೇಗ ಹೊಳೆಯುವುದಿಲ್ಲ. ಎರಡೂ ತಟ್ಟೆಗೆ ತೂಕ ಹಾಕುವವನು ಒಬ್ಬನೇ, ನಿರ್ದೇಶಕ. ಕೊನೆಯ ಅರ್ಧ ಗಂಟೆಯಲ್ಲಿ ಎಷ್ಟು ಕ್ರೌರ್ಯ ಮಾರಬೇಕು ಅನ್ನುವುದು ಅವನಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಅತ್ಯಾಚಾರದ ದೃಶ್ಯವನ್ನು ಹಿಗ್ಗಿಸುತ್ತಾನೆ. ಸಮತೂಕವೇ ನಮ್ಮ ಅಳತೆಗೋಲಾದರೆ ಮೊದಲರ್ಧ ಕ್ರೂರವಾದಷ್ಟೂ ಸಿನಿಮಾಕ್ಕೆ ಹೆಚ್ಚು ಅಂಕ ಕೊಟ್ಟಂತಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಬೇರೆಯದು. ತೂಗುವವನು ಮೊದಲರ್ಧವನ್ನು ನೋಡುವುದೇ ಇಲ್ಲ. ‘ತುಂಬಾ ಘೋರವಾದದ್ದು ಆಯಿತು’ ಎಂದು ಒಂದು ಸಾಲಿನಲ್ಲಿ ಬರೆದುಕೊಂಡು ಮುಂದೆ ಹೋಗುತ್ತಾನೆ. ಕೆಲವರು ಆ ಭಾಗವನ್ನು ಫಾರ್ವರ್ಡ್ ಮಾಡಿ ಸೇಡನ್ನು ಮಾತ್ರ ನೋಡುತ್ತಾರೆ, ಅದನ್ನು ಸೂಕ್ಷ್ಮತೆ ಅಂದುಕೊಳ್ಳುತ್ತಾರೆ. ಕ್ಯಾಮೆರಾ ಯಾರ ಕಣ್ಣಾಗಿತ್ತು, ಯಾರ ಮುಖಕ್ಕೆ ಕ್ಲೋಸಪ್ ಸಿಕ್ಕಿತು, ಸಂಗೀತ ಎಲ್ಲಿ ಶುರುವಾಯಿತು, ಇವೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಅದನ್ನು ಬಿಟ್ಟು ಸೇಡಿನ ಬಗ್ಗೆ ಮಾತಾಡಿದರೆ ಉತ್ತರದ ಅರ್ಧ ಭಾಗ ಕೈಬಿಟ್ಟಂತೆ.

ಈ ಕಥೆಯ ಮೂಲಕ್ಕೆ ಹೋಗೋಣ. ನಿರ್ದೇಶಕ ಬರ್ಗ್‌ಮನ್ನರ ‘ದಿ ವರ್ಜಿನ್ ಸ್ಪ್ರಿಂಗ್’ 1960ರದ್ದು, ಸ್ವೀಡನ್ನಿನ ಹಳೆಯ ಲಾವಣಿಯೊಂದರಿಂದ ಬಂದ ಕಥೆ. ಮಗಳನ್ನು ಕೆಡಿಸಿ ಕೊಂದ ಮೇಕೆ ಕಾಯುವವರು ಗೊತ್ತಿಲ್ಲದೆ ಅವಳ ಮನೆಯಲ್ಲೇ ರಾತ್ರಿ ತಂಗುತ್ತಾರೆ, ಅವಳ ಬಟ್ಟೆಯನ್ನೇ ತಾಯಿಗೆ ಮಾರಲು ಹೊರಡುತ್ತಾರೆ. ಅಪ್ಪ ಅವರನ್ನು ಕೊಲ್ಲುತ್ತಾನೆ, ಜೊತೆಗಿದ್ದ ಚಿಕ್ಕ ಹುಡುಗನನ್ನೂ ಬಿಡುವುದಿಲ್ಲ. ಆಮೇಲೆ ತನ್ನ ಕೈಗಳನ್ನು ನೋಡಿಕೊಳ್ಳುತ್ತಾನೆ, ಮಗಳು ಸತ್ತ ಜಾಗದಲ್ಲಿ ಚರ್ಚ್ ಕಟ್ಟುತ್ತೇನೆಂದು ದೇವರಿಗೆ ಮಾತು ಕೊಡುತ್ತಾನೆ. ನಿಮ್ಮ ಹೇಸಿಗೆ ಇಲ್ಲಿ ಕಥೆಯ ಒಳಗೇ ಇದೆ, ಕೊಂದವನೇ ಅದನ್ನು ಹೊರುತ್ತಾನೆ. 12 ವರ್ಷದ ನಂತರ ಅಮೆರಿಕದ ನಿರ್ದೇಶಕ ವೆಸ್ ಕ್ರೇವನ್ ಇದೇ ಕಥೆಯನ್ನು ಎತ್ತಿಕೊಂಡು ‘ದಿ ಲಾಸ್ಟ್ ಹೌಸ್ ಆನ್ ದಿ ಲೆಫ್ಟ್’ ಮಾಡಿದರು. ಚರ್ಚಿಲ್ಲ, ದೇವರಿಲ್ಲ, ಅಪ್ಪನ ಕೈಯಲ್ಲಿ ಚೈನ್ ಸಾ. ಆದರೂ ಅಗ್ಗದ ಆ ಸಿನಿಮಾದಲ್ಲಿ ಒಂದು ಅಸಾಧಾರಣ ಕ್ಷಣ ಇದೆ: ಹುಡುಗಿಯ ಮೇಲಿನ ದಾಳಿ ಮುಗಿದ ಮೇಲೆ ಆ ಗ್ಯಾಂಗು ತಮ್ಮ ರಕ್ತದ ಕೈಗೆ ಅಂಟಿದ ಹುಲ್ಲನ್ನು ಬಿಡಿಸಿಕೊಳ್ಳುತ್ತಾ ಒಬ್ಬರ ಮುಖ ಒಬ್ಬರು ನೋಡಲಾಗದೆ ನಿಲ್ಲುತ್ತದೆ. ಹೇಸಿಗೆ ಇಲ್ಲಿ ಸೇಡಿಗಿಂತ ಮೊದಲೇ ಬಂತು, ಅದೂ ಅಪರಾಧಿಗಳ ಮುಖದಲ್ಲಿ. ಹಾಗಾಗಿ ಕೊನೆಗೆ ಅಪ್ಪ-ಅಮ್ಮ ರಕ್ತದಲ್ಲಿ ತೊಯ್ದು ನಿಂತಾಗ ಪ್ರೇಕ್ಷಕನಿಗೆ ಬರೀ ಗೆಲುವು ಕಾಣುವುದಿಲ್ಲ.

ನೀವು ಹೆಸರಿಸಿರುವ ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ ಇದಕ್ಕಿಂತ ಕಷ್ಟದ್ದು. ಮೇಯಿರ್ ಜಾರ್ಕಿ 1978ರಲ್ಲಿ ಮಾಡಿದ್ದು, ಮೊದಲ ಹೆಸರು ‘ಡೇ ಆಫ್ ದಿ ವುಮನ್’. ನ್ಯೂಯಾರ್ಕಿನ ಲೇಖಕಿ ಜೆನಿಫರ್ ಬರೆಯಲೆಂದು ಹಳ್ಳಿಗೆ ಬರುತ್ತಾಳೆ, ನಾಲ್ವರು ಅವಳ ಮೇಲೆ ಎರಗುತ್ತಾರೆ. ಅರ್ಧ ಗಂಟೆಯ ಹತ್ತಿರ ನಡೆಯುವ ಆ ಭಾಗಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಹೆದರು, ಅಳು, ರೋಮಾಂಚನಗೊಳ್ಳು ಎಂದು ಹೇಳಿಕೊಡುವವರು ಯಾರೂ ಇಲ್ಲದೆ ಪ್ರೇಕ್ಷಕ ಒಬ್ಬನೇ ಸಿಕ್ಕಿಬೀಳುತ್ತಾನೆ. ಮೊದಲರ್ಧದ ಪರವಾಗಿ ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ: ಅದು ಸುಖ ಕೊಡುವ ದೃಶ್ಯವಲ್ಲ. ಕೆಡುವುದು ಎರಡನೆಯ ಅರ್ಧ. ಚರ್ಚಿಗೆ ಹೋಗಿ ಮುಂಗಡವಾಗಿ ಕ್ಷಮೆ ಕೇಳಿ ಬರುವ ಜೆನಿಫರ್, ಕೊಲ್ಲುವುದಕ್ಕಾಗಿ ಅದೇ ಗಂಡಸರನ್ನು ಮೈ ತೋರಿಸಿ ಸೆಳೆಯುತ್ತಾಳೆ. ಒಬ್ಬನಿಗೆ ಮರದ ಕೆಳಗೆ ಉರುಳು, ಒಬ್ಬನಿಗೆ ಬಾತ್‌ಟಬ್ಬಿನಲ್ಲಿ ಚಾಕು. ಮೊದಲರ್ಧದಲ್ಲಿ ಅವಳ ಮೈಯನ್ನು ಆಸೆಯಿಂದ ನೋಡದ ಕ್ಯಾಮೆರಾ, ಸೇಡಿನ ಪರವಾನಗಿ ಸಿಕ್ಕ ಮೇಲೆ ನಿಧಾನವಾಗಿ ನೋಡಲು ಶುರುಮಾಡುತ್ತದೆ. ನಿಮಗೆ ಕೇಕೆಯೂ ಹೇಸಿಗೆಯೂ ಒಟ್ಟಿಗೆ ಬಂದದ್ದು ಇಲ್ಲೇ ಇರಬೇಕು. ರಕ್ತ ಕಂಡು ಆದದ್ದಲ್ಲ ಅದು, ಅವಳನ್ನು ಇನ್ನೊಮ್ಮೆ ಮಾರಾಟಕ್ಕಿಟ್ಟದ್ದು ಕಂಡು ಆದದ್ದು. ನಿಮ್ಮ ಹೇಸಿಗೆ ಸರಿಯಾಗಿ ಕೆಲಸ ಮಾಡುತ್ತಿದೆ.

ಪೋಸ್ಟರ್ ನೋಡಿದರೆ ಮಾರಾಟದ ವಿಷಯ ಇನ್ನೂ ಸ್ಪಷ್ಟ. ಹೊಸ ಹೆಸರಿನಲ್ಲಿ 1980ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ, ಈ ಹೆಂಗಸು ಐದು ಗಂಡಸರನ್ನು ಕಡಿದು, ಕೊಚ್ಚಿ, ಸುಟ್ಟಳು ಎಂದು ಪೋಸ್ಟರಿನಲ್ಲಿ ಹಾಕಿದರು. ಸಿನಿಮಾದಲ್ಲಿರುವುದು ನಾಲ್ವರು, ಯಾರನ್ನೂ ಸುಡುವುದಿಲ್ಲ. ವಿಮರ್ಶಕ ರೋಜರ್ ಎಬರ್ಟ್ ಆ ವರ್ಷ ಇದಕ್ಕೆ ಒಂದು ಸ್ಟಾರೂ ಕೊಡಲಿಲ್ಲ. ಅವರ ಬರಹದಲ್ಲಿ ಎದೆ ನಡುಗಿಸುವುದು ಸಿನಿಮಾಕ್ಕಿಂತ ಥಿಯೇಟರು: ದಾಳಿಯ ದೃಶ್ಯಕ್ಕೇ ಮೆಚ್ಚುಗೆಯ ಮಾತು ಕೂಗುತ್ತಿದ್ದವರು ಅವರ ಅಕ್ಕಪಕ್ಕದಲ್ಲಿ ಕೂತಿದ್ದರು. ನಿಮ್ಮ ರೂಮಿನಲ್ಲಿ ಕೇಕೆ ಯಾವಾಗ ಶುರುವಾಗುತ್ತದೆ ಎಂದು ಗಮನಿಸಿ. ಸೇಡಿಗೆ ಮೊದಲೇ ಶುರುವಾದರೆ ನಿಮ್ಮ ಸಮಸ್ಯೆ ಸಿನಿಮಾದ್ದಲ್ಲ.

ಜಾರ್ಕಿಯ ಸಿನಿಮಾದಲ್ಲಿ ಇನ್ನೊಂದು ದೊಡ್ಡ ಖಾಲಿ ಜಾಗ ಇದೆ. 1974ರಲ್ಲಿ ನ್ಯೂಯಾರ್ಕಿನ ಪಾರ್ಕಿನ ಬಳಿ ಅತ್ಯಾಚಾರಕ್ಕೆ ಒಳಗಾದ ಹುಡುಗಿಯನ್ನು ಪೊಲೀಸರ ಹತ್ತಿರ ಕರೆದೊಯ್ದಾಗ, ಆಸ್ಪತ್ರೆಗೆ ಕಳಿಸುವ ಬದಲು ಪೊಲೀಸರು ಪ್ರಶ್ನೆ ಕೇಳುತ್ತಾ ಕೂತರು, ಆ ಸಿಟ್ಟಿನಿಂದಲೇ ಈ ಕಥೆ ಹುಟ್ಟಿತು ಎಂದು ಜಾರ್ಕಿಯೇ ಹೇಳಿಕೊಂಡಿದ್ದಾರೆ. ಆದರೆ ಸಿನಿಮಾದಲ್ಲಿ ಪೊಲೀಸೇ ಇಲ್ಲ! ದಾಳಿ ಆಯಿತು, ನೇರವಾಗಿ ಸೇಡು. ನಡುವಿನ ಕೊಂಡಿ ಕಳಚಿಹೋಗಿದೆ.

ಆ ಕೊಂಡಿ ಎಷ್ಟು ಮುಖ್ಯ ಅನ್ನುವುದು ಕೀಚಕವಧೆ ನೋಡಿ ಬೆಳೆದ ನಮಗೆ ಗೊತ್ತಿರಬೇಕು. ಕೀಚಕ ಸೈರಂಧ್ರಿಯನ್ನು ಅಟ್ಟಿಸಿಕೊಂಡು ಬಂದು ವಿರಾಟನ ತುಂಬಿದ ಸಭೆಯಲ್ಲೇ ಒದೆಯುತ್ತಾನೆ. ರಾಜ ಬಾಯಿ ಬಿಡುವುದಿಲ್ಲ. ಕಂಕನ ವೇಷದ ಧರ್ಮರಾಯ ಸಹಿಸಿಕೋ ಅನ್ನುತ್ತಾನೆ. ಆ ರಾತ್ರಿ ಅವಳು ಅಡುಗೆಮನೆಯಲ್ಲಿ ಮಲಗಿರುವ ವಲಲನನ್ನು ಎಬ್ಬಿಸುವುದು ಎಲ್ಲ ಬಾಗಿಲೂ ಮುಚ್ಚಿದ ಮೇಲೆ. ಬಯಲಾಟದಲ್ಲಿ ಭೀಮ ಕೀಚಕನನ್ನು ಮಾಂಸದ ಮುದ್ದೆ ಮಾಡುವಾಗ ಜನ ಶಿಳ್ಳೆ ಹೊಡೆಯುತ್ತಾರೆ, ಹೊಡೆದದ್ದಕ್ಕೆ ಬೆಳಗ್ಗೆ ಯಾರಿಗೂ ನಾಚಿಕೆಯಾಗುವುದಿಲ್ಲ, ಏಕೆಂದರೆ ಸಭೆ ಸುಮ್ಮನಿದ್ದದ್ದನ್ನು ಅವರೂ ನೋಡಿದ್ದಾರೆ. ಕಥೆ ಅಲ್ಲಿಗೆ ನಿಲ್ಲುವುದೂ ಇಲ್ಲ, ಉಪಕೀಚಕರು ಅವಳನ್ನು ಹೆಣದ ಜೊತೆ ಸುಡಲು ಹೊತ್ತೊಯ್ಯುತ್ತಾರೆ. ಅಲ್ಲಿ ಸೇಡಿಗೆ ಬೆಲೆ ತೆರಬೇಕಾಗುತ್ತದೆ. ಜೆನಿಫರ್ ಕೊನೆಯವನನ್ನು ದೋಣಿಯ ಮೋಟರಿಗೆ ಕೊಟ್ಟು ಹೊರಟುಬಿಡುತ್ತಾಳೆ, ಅಷ್ಟೇ.

ಹಿಂದಿಯ ‘ಇನ್ಸಾಫ್ ಕಾ ತರಾಜು’ (1980) ಕೂಡ ಈ ಸಭೆಯನ್ನು ಉಳಿಸಿಕೊಂಡಿದೆ, ಕೋರ್ಟು ಸೋತ ಮೇಲೆಯೇ ಪಿಸ್ತೂಲು ಹೊರಗೆ ಬರುತ್ತದೆ. ಹಾಗಂತ ನಮ್ಮವರೆಲ್ಲ ಶುದ್ಧರು ಅನ್ನಲಾರೆ. ಆ ಕಾಲದ ಎಷ್ಟೋ ಸಿನಿಮಾಗಳು ರೇಪ್ ಸೀನನ್ನು ಐಟಂ ತರ ತುರುಕಿದವು. ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿ ಅಂಥ ದೃಶ್ಯ ಕಥೆಗೆ ಅನಿವಾರ್ಯವಾಗಿದ್ದರೆ ಮಾತ್ರ, ಅದೂ ಕನಿಷ್ಠ ಮಟ್ಟದಲ್ಲಿ, ವಿವರ ತೋರಿಸದೆ ಇರಬೇಕು ಅನ್ನುತ್ತದೆ. ‘ಬ್ಯಾಂಡಿಟ್ ಕ್ವೀನ್’ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ನೋಡಿದ್ದೂ ಇದನ್ನೇ: ದೃಶ್ಯ ಕಾಮ ಕೆರಳಿಸುತ್ತದೋ, ಪೀಡಕರ ಮೇಲೆ ಜಿಗುಪ್ಸೆ ಹುಟ್ಟಿಸುತ್ತದೋ. ನಿಮ್ಮ ರೂಮಿಗೂ ಇದೇ ಪ್ರಶ್ನೆ ಸಾಕು.

ಅದನ್ನು ಪರೀಕ್ಷಿಸುವ ರೀತಿ ಹೀಗೆ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ದಾಳಿಯ ಭಾಗ ಎಷ್ಟು ನಿಮಿಷ, ಸೇಡು ಎಷ್ಟು ನಿಮಿಷ ಬರೆದುಕೊಳ್ಳಿ. ಹೋಲಿಸಿ ತೂಗುವುದಕ್ಕಲ್ಲ, ನಿರ್ದೇಶಕನ ಗಮನ ಎಲ್ಲಿತ್ತು ಎಂದು ತಿಳಿಯಲು. ಆಮೇಲೆ ದಾಳಿಯ ಮೊದಲ ಎರಡು ನಿಮಿಷವನ್ನು ಮ್ಯೂಟ್ ಮಾಡಿ ನೋಡಿ. ಶಬ್ದ ಹೋದಾಗ ಫ್ರೇಮು ಬೆತ್ತಲಾಗುತ್ತದೆ. ಅವಳ ಮುಖವನ್ನು ಹಿಡಿದ ಶಾಟ್ ಎಷ್ಟು, ಮೈಯನ್ನು ಹಿಡಿದದ್ದು ಎಷ್ಟು, ಕ್ಯಾಮೆರಾ ದಾಳಿಕೋರನ ಎತ್ತರದಿಂದ ಕೆಳಗೆ ನೋಡುತ್ತಿದೆಯೋ ಅವಳ ಕಣ್ಣಿನ ಮಟ್ಟದಲ್ಲಿದೆಯೋ, ಎಲ್ಲ ಕಾಣುತ್ತದೆ. ಸೇಡಿನ ಭಾಗವನ್ನು ಇದಕ್ಕೆ ತಿರುಗಾಮುರುಗಾ ನೋಡಬೇಕು, ಚಿತ್ರ ಬಿಟ್ಟು ಶಬ್ದ ಮಾತ್ರ. ಅಲ್ಲಿ ನಿಮ್ಮ ಖುಷಿಯ ಬಹುಪಾಲು ಫೋಲಿ ಕಲಾವಿದನ, ಅಂದರೆ ಸ್ಟುಡಿಯೋದಲ್ಲಿ ಕೃತಕವಾಗಿ ಸದ್ದು ಮಾಡುವವನ ಕೆಲಸ, ಎಲೆಕೋಸು ಸೀಳಿ, ಸೆಲೆರಿ ದಂಟು ಮುರಿದು ಮೂಳೆಯ ಸದ್ದು ಮಾಡುತ್ತಾರೆ. ಮೊದಲರ್ಧದಲ್ಲಿ ಅಂಥ ಸದ್ದು ಎಷ್ಟು ಕಡಿಮೆ ಇತ್ತು ಎಂದು ಹೋಲಿಸಿ. ಹೆಣ್ಣಿನ ನೋವಿಗೆ ಸದ್ದಿಲ್ಲ, ಗಂಡಿನ ಸಾವಿಗೆ ಪೂರ್ತಿ ವಾದ್ಯಮೇಳ ಇದ್ದರೆ ಆ ಸಿನಿಮಾ ಯಾರನ್ನು ಮನುಷ್ಯ ಅಂದುಕೊಂಡಿದೆ ಅನ್ನುವುದು ಗೊತ್ತಾಗುತ್ತದೆ.

ಇದರ ನೇರ ವಿರುದ್ಧ ದಾರಿ ಹಿಡಿದದ್ದು ಕೊರಾಲಿ ಫಾರ್ಜಾ ಅವರ ‘ರಿವೆಂಜ್’ (2017). ಅಲ್ಲಿ ದಾಳಿ ನಡೆಯುವಾಗ ಇನ್ನೊಬ್ಬ ಗಂಡಸು ಬಾಗಿಲಲ್ಲಿ ನಿಂತು ಏನನ್ನೋ ಮೆಲ್ಲುತ್ತಾ ನೋಡಿ, ಹೊರಗೆ ಬಂದು ಟಿವಿ ಸೌಂಡು ಜಾಸ್ತಿ ಮಾಡಿ, ಈಜುಕೊಳಕ್ಕೆ ಇಳಿಯುತ್ತಾನೆ. ಅತ್ಯಾಚಾರ ಹೆಚ್ಚಾಗಿ ಬಾಗಿಲಾಚೆ. ವಿರಾಟನ ಸಭೆಯ ಮೌನವನ್ನು ಒಬ್ಬನ ಬಾಯೊಳಗೆ ತೋರಿಸಿದ ಹಾಗಾಯಿತು. ಆಮೇಲೆ ಬರುವ ಸೇಡು ಬಕೆಟ್‌ಗಟ್ಟಲೆ ರಕ್ತದ್ದು, ಕೊನೆಯ ಬೆನ್ನಟ್ಟುವಿಕೆಯಲ್ಲಿ ಬಟ್ಟೆಯಿಲ್ಲದೆ ಓಡುವವನು ಗಂಡಸು. ತಕ್ಕಡಿ ಹಿಡಿದರೆ ಈ ಸಿನಿಮಾ ಫೇಲು, ಸೇಡೇ ಜಾಸ್ತಿ. ನನ್ನ ಪ್ರಕಾರ ಈ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದೇ. ಗ್ಯಾಸ್ಪರ್ ನೋಯೆಯ ‘ಇರ್ರಿವರ್ಸಿಬಲ್’ (2002) ಕಥೆಯನ್ನೇ ಹಿಂದುಮುಂದಾಗಿಸಿ ಸೇಡನ್ನು ಮೊದಲು ತೋರಿಸುತ್ತದೆ. ಕಾರಣ ತಿಳಿಯುವ ಮೊದಲೇ ಒಬ್ಬನ ತಲೆ ಒಡೆಯುತ್ತದೆ, ಅದೂ ತಪ್ಪು ಮನುಷ್ಯನದು. ಕೇಕೆಗೆ ಜಾಗವೇ ಇಲ್ಲ. ಆದರೆ ದಾಳಿಯ ಆ ದೀರ್ಘ ಶಾಟನ್ನು ಯಾರಿಗೂ ನೋಡಿ ಎಂದು ನಾನು ಹೇಳುವುದಿಲ್ಲ.

ಬೆಂಗಳೂರಿನವರಾಗಿ ಇನ್ನೊಂದನ್ನು ಗಮನಿಸಬೇಕು. ಇಂಥ ಕಥೆಗಳಲ್ಲಿ ಪಟ್ಟಣದ ಉಳ್ಳವರು ಹಳ್ಳಿಗೆ ಹೋಗಿ ಅಲ್ಲಿನ ಬಡ, ಹಲ್ಲುಕೊಳಕ ಗಂಡಸರ ಕೈಗೆ ಸಿಗುವುದು ಹೆಚ್ಚು. ಸಿನಿಮಾ ವಿದ್ವಾಂಸೆ ಕ್ಯಾರೊಲ್ ಕ್ಲೋವರ್ ಹಾರರ್ ಬಗ್ಗೆ ಬರೆದ 1992ರ ಪುಸ್ತಕದಲ್ಲಿ ಇದನ್ನು ವಿವರವಾಗಿ ಬಿಡಿಸಿದ್ದಾರೆ: ಪಟ್ಟಣಕ್ಕೆ ಹಳ್ಳಿಯ ಮೇಲಿರುವ ಅಪರಾಧಭಾವವೇ ಭಯವಾಗಿ, ಆಮೇಲೆ ಕೊಲ್ಲುವ ಹಕ್ಕಾಗಿ ತಿರುಗುತ್ತದೆ. ಶುಕ್ರವಾರ ಸಂಜೆ ಸಕಲೇಶಪುರದ ಹೋಮ್‌ಸ್ಟೇಗೆ ಹೊರಡುವ ನಮಗೆ ಈ ಭಯ ಹೊಸದಲ್ಲ. ಆದ್ದರಿಂದ ಕೇಕೆ ಹಾಕುವಾಗ ಸಾಯುತ್ತಿರುವವನು ಅಪರಾಧಿ ಎಂದು ಖುಷಿಯೋ, ಹಳ್ಳಿಗಮಾರ ಎಂದು ಖುಷಿಯೋ ಎಂದು ಕೇಳಿಕೊಳ್ಳಿ.

ಇನ್ನು ಭಾನುವಾರದ ವ್ಯವಸ್ಥೆ. ಯಾವ ಸಿನಿಮಾ, ದಾಳಿ ಎಷ್ಟನೇ ನಿಮಿಷಕ್ಕೆ ಶುರು, ಎಷ್ಟು ಹೊತ್ತು ಎಂದು ಹಿಂದಿನ ದಿನವೇ ಗ್ರೂಪಿನಲ್ಲಿ ಹಾಕಿ. 2021ರ ನಿಯಮದ ಪ್ರಕಾರ ಓಟಿಟಿಗಳು ವಯಸ್ಸಿನ ವರ್ಗ ಮತ್ತು ವಿಷಯದ ಸೂಚನೆ ತೋರಿಸಬೇಕು, ಆದರೆ ಆ ಒಂದು ಸಾಲಿನಿಂದ ದೃಶ್ಯದ ಉದ್ದ ಗೊತ್ತಾಗುವುದಿಲ್ಲ. ಬರುವವರಲ್ಲಿ ಇಂಥದ್ದನ್ನು ಅನುಭವಿಸಿದವರು ಇರಬಹುದು, ಅವರು ಕಾರಣ ಹೇಳದೆ ಬಾರದಿರಲು ಅವಕಾಶ ಬೇಕು. ಮೊದಲ ವಾರ ‘ರಿವೆಂಜ್’, ಎರಡನೆಯ ವಾರ ಏಬಲ್ ಫೆರಾರಾ ಅವರ ‘ಮಿಸ್ .45’ (1981) ಹಾಕಿ. ಅದರ ನಾಯಕಿ ಬಟ್ಟೆ ಹೊಲಿಯುವ ಮೂಕ ಹುಡುಗಿ, ಒಂದೇ ದಿನ ಎರಡು ಬಾರಿ ದಾಳಿಗೆ ಸಿಕ್ಕವಳು, ಕೊಲ್ಲುತ್ತಾ ಕೊಲ್ಲುತ್ತಾ ತಪ್ಪು ಮಾಡಿದವನನ್ನೂ ಮಾಡದವನನ್ನೂ ಬೇರೆ ಮಾಡದ ಸ್ಥಿತಿಗೆ ಬರುತ್ತಾಳೆ. ಪೀಣ್ಯದ ಗಾರ್ಮೆಂಟ್ಸ್ ಶಿಫ್ಟು ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಒಮ್ಮೆ ನಿಂತವರಿಗೆ ದಾರಿಯ ತುಂಬ ಅವಳ ಮೇಲೆ ಬೀಳುವ ಗಂಡಸರ ಕಣ್ಣುಗಳು ಅಮೆರಿಕದವು ಅನ್ನಿಸುವುದಿಲ್ಲ. 1978ರ ಸಿನಿಮಾ ಕೊನೆಗಿರಲಿ, ಹಾಕಿದರೆ ಪೂರ್ತಿ ಆವೃತ್ತಿಯನ್ನೇ ಹಾಕಿ. ಬ್ರಿಟನ್ನಿನಲ್ಲಿ 2001ರಲ್ಲಿ ಬಿಟ್ಟದ್ದರಲ್ಲಿ 7 ನಿಮಿಷದಷ್ಟು ಕತ್ತರಿಸಿದ್ದಾರೆ, ಕತ್ತರಿ ಬಿದ್ದದ್ದು ದಾಳಿಯ ಭಾಗಕ್ಕೆ. ಅಂಥ ಪ್ರತಿ ನೋಡಿ ಸೇಡು ಸರಿಯೋ ತಪ್ಪೋ ಎಂದು ವಾದ ಮಾಡಲು ಕೂರಬೇಡಿ.