ಓದುಗರ ಪ್ರಶ್ನೆ, ನಮ್ಮ ಉತ್ತರ: ಬಟ್ಟೆ, ಬಣ್ಣ ಮತ್ತು ಬಾಕಿ ಸಂಭಾವನೆ

ಮುಂಬಯಿಯಲ್ಲಿ ಉಡುಗೆ ತೊಡುಗೆ ಮತ್ತು ಕಲೆಗಳ ಬಗ್ಗೆ ಬರೆದೇ ಬದುಕುವ ಫ್ರೀಲಾನ್ಸ್ ಬರಹಗಾರರ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಇಚ್ಛೆಯಂತೆ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಫ್ಯಾಷನ್ ಬಗ್ಗೆ ಬರೆಯುವ ಆಸೆಯಿದೆ. ಆದರೆ ದೊಡ್ಡ ಷೋಗಳಿಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಆಹ್ವಾನವೇ ಇಲ್ಲದವಳು ಏನನ್ನು ಬರೆಯಬಲ್ಲಳು? (ಡೊಂಬಿವಲಿ)

ಉತ್ತರ: ಷೋಗೆ ಕರೆ ಬಾರದಿದ್ದರೆ ಆಗುವ ನಷ್ಟ ನೀವು ಎಣಿಸಿದಷ್ಟು ದೊಡ್ಡದಲ್ಲ. ಅಲ್ಲಿ ಕಂಡದ್ದನ್ನು ಅಂದು ಸಂಜೆಯೊಳಗೆ ಎಷ್ಟೋ ಮಂದಿ ಬರೆದು ಮುಗಿಸಿರುತ್ತಾರೆ. ನೀವು ದಾದರ್ ಸ್ಟೇಷನ್ನಿನಲ್ಲಿ ಇಳಿದು, ಪಶ್ಚಿಮ ಭಾಗದ ಸೀರೆ ಅಂಗಡಿಗಳಿಗೆ ಹೋಗಿ ಖಣ ತೋರಿಸಿ ಎಂದು ಕೇಳಿ. ಒಂದು ಕಾಲಕ್ಕೆ ಕುಪ್ಪಸಕ್ಕಷ್ಟೇ ಸೀಮಿತವಾಗಿದ್ದ ಆ ಬಟ್ಟೆ ಇಂದು ಸೀರೆಯಾಗಿ, ಕೈಚೀಲವಾಗಿ, ಮಕ್ಕಳ ಲಂಗವಾಗಿ, ಗಣಪತಿ ಮಂಟಪದ ಹಿನ್ನೆಲೆಯಾಗಿ ನಿಮ್ಮ ಮುಂದೆ ಹರಡುತ್ತದೆ. ಮರಾಠಿ ಮನೆಗಳಲ್ಲಿ ಖಣ ಮತ್ತು ತೆಂಗಿನಕಾಯಿ ಇಟ್ಟು ಓಟಿ ತುಂಬುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅದನ್ನೇ ಉಡಿ ತುಂಬುವುದು ಎನ್ನುತ್ತಾರೆ. ಆ ಖಣದ ಹೆಸರಾಂತ ನೆಲೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ.

ಬಹಳ ವರ್ಷಗಳ ಹಿಂದೆ ನಾನು ಒಂದು ಲೇಖನದಲ್ಲಿ ಖಣವನ್ನು ಪುಣೆಯ ಸಾಂಪ್ರದಾಯಿಕ ಬಟ್ಟೆ ಎಂದು ಬರೆದುಬಿಟ್ಟಿದ್ದೆ. ಗುಳೇದಗುಡ್ಡದಿಂದ ಬಂದು ಮುಂಬಯಿಯಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಅಂಚೆ ಕಾರ್ಡು ಬರೆದು, ತಮ್ಮ ತಂದೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಜೀವಮಾನವಿಡೀ ನೇಯ್ದದ್ದು ಹಾಗಾದರೆ ಯಾವ ಊರಿನ ಬಟ್ಟೆ ಎಂದು ಕೇಳಿದರು. ಆ ಕಾರ್ಡು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅದಾದ ಮೇಲೆ, ಒಂದು ಬಟ್ಟೆ ಎಲ್ಲಿ ನೇಯ್ದದ್ದು, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದನ್ನು ಕೇಳಿ ತಿಳಿಯದೆ ನಾನು ಒಂದು ಸಾಲನ್ನೂ ಬರೆದಿಲ್ಲ.

ಇಳಕಲ್ ಸೀರೆಯ ವಿಷಯವೂ ಹೀಗೆಯೇ. ಇಲ್ಲಿನವರು ಇರಕಲ್ ಎಂದು ಕರೆದು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂಗಡಿಯಲ್ಲಿ ಸೀರೆ ಬಿಚ್ಚಿದಾಗ ನೀವು ನೋಡಬೇಕಾದದ್ದು ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು. ಅಲ್ಲಿ ಒಡಲಿನ ಹಾಸು ನೂಲುಗಳನ್ನು, ಅಂದರೆ ಉದ್ದಕ್ಕೆ ಓಡುವ ನೂಲುಗಳನ್ನು, ಸೆರಗಿನ ಹಾಸು ನೂಲುಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಬೆರಳಿನ ತುದಿಯನ್ನು ಮೆಲ್ಲಗೆ ಆಡಿಸಿದರೆ ಆ ಜೋಡಣೆ ಸಣ್ಣ ಏರಿನಂತೆ ತಾಕುತ್ತದೆ. ಕೊಂಡಿಯಿರುವ ಸೆರಗಿನಲ್ಲಿ ಹಾಸೂ ಕೆಂಪು, ಅಡ್ಡಕ್ಕೆ ಹೋಗುವ ಹೊಕ್ಕೂ ಕೆಂಪು ಆಗಿರುವುದರಿಂದ ಬಣ್ಣ ತುಂಬಿಕೊಂಡು ಕಾಣುತ್ತದೆ. ಕೊಂಡಿಯಿಲ್ಲದ ನಕಲಿನಲ್ಲಿ ಒಡಲಿನ ನೂಲೇ ಸೆರಗಿನವರೆಗೂ ಹರಿದುಬರುವುದರಿಂದ ಕೆಂಪಿನೊಳಗೆ ಬೇರೆ ಬಣ್ಣದ ನೆರಳು ಇಣುಕುತ್ತದೆ. ಸೀರೆಯ ಮೇಲೆ ಕಸೂತಿ ಇದ್ದರೆ ಮಗುಚಿ ನೋಡಿ, ಗವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ರೀತಿ ಕಾಣಬೇಕು. ಇಷ್ಟನ್ನು ನೋಡಬಲ್ಲ, ಮಾರುವವರ ಮರಾಠಿಯನ್ನೂ ನೇಯುವವರ ಕನ್ನಡವನ್ನೂ ಬಲ್ಲ ಬರಹಗಾರ್ತಿಯರು ಈ ನಗರದಲ್ಲಿ ತೀರ ಕಡಿಮೆ. ನೀವು ಕೊರತೆಯೆಂದು ಬರೆದ ಕನ್ನಡ ಮಾಧ್ಯಮವೇ ನಿಮ್ಮ ಬಂಡವಾಳ ಎಂದು ನಾನು ಮನಸಾರೆ ನಂಬುತ್ತೇನೆ.

ಪ್ರಶ್ನೆ: ಬ್ಯಾಂಕ್ ಕೆಲಸ ಬಿಟ್ಟು ಪೂರ್ಣಾವಧಿ ಕಲಾ ಬರಹಗಾರನಾಗಬಹುದೇ? (ಅಂಧೇರಿ)

ಉತ್ತರ: ಈಗಲೇ ಬೇಡ. ಒಂದು ವರ್ಷ ಪ್ರತಿ ಶನಿವಾರ ಕಾಲಾಘೋಡಾಕ್ಕೆ ಹೋಗಿ. ಅಲ್ಲಿ 1952ರಿಂದ ನಡೆಯುತ್ತಿರುವ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರವೇಶಕ್ಕೆ ಹಣವಿಲ್ಲ, ಪ್ರದರ್ಶನಗಳು ಬೇಗ ಬೇಗ ಬದಲಾಗುತ್ತವೆ, ಮತ್ತು ಕಲಾವಿದರು ಅನೇಕ ಸಲ ತಮ್ಮ ಚಿತ್ರಗಳ ಪಕ್ಕದಲ್ಲೇ ಕುಳಿತಿರುತ್ತಾರೆ. ವಾರಕ್ಕೊಂದು ಬರಹ ಬರೆದು, ವರ್ಷದ ಕೊನೆಗೆ ಅವುಗಳಿಂದ ಕೈಸೇರಿದ ಹಣವನ್ನು ಮನೆ ಬಾಡಿಗೆಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ, ಆಮೇಲೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಒಂದು ಪತ್ರಿಕೆಗೆ ಬರೆದ ಮೂರು ಲೇಖನಗಳ ಸಂಭಾವನೆ ಏಳು ತಿಂಗಳಾದರೂ ಬಂದಿಲ್ಲ. ಕೇಳಿದರೆ ಮುಂದೆ ಅವಕಾಶ ಕೊಡಲಾರರೆಂಬ ಭಯ. ಏನು ಮಾಡಲಿ? (ವಾಶಿ)

ಉತ್ತರ: ಕೇಳಲೇಬೇಕು. ನಾನೂ ಹಿಂದೊಮ್ಮೆ ಇದೇ ಭಯದಿಂದ ಸುಮ್ಮನಿದ್ದೆ. ಐದು ಲೇಖನಗಳ ಹಣ ಬಾಕಿಯಿರುವಾಗಲೇ ಆ ಮಾಸಿಕ ನಿಂತುಹೋಯಿತು, ಕಚೇರಿಗೆ ಹೋದರೆ ಬಾಗಿಲಿಗೆ ಬೀಗ. ಆ ತಿಂಗಳು ಮಗಳ ಶಾಲೆಯ ಶುಲ್ಕ ಕಟ್ಟಲು ಅಕ್ಕನ ಬಳಿ ಕೈಚಾಚಿದ್ದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಮೊದಲಿಗೆ, ಸಂಪಾದಕರು ಫೋನಿನಲ್ಲಿ ಒಪ್ಪಿದ ಮೊತ್ತವನ್ನು ಅದೇ ದಿನ ಇ-ಮೇಲ್‌ನಲ್ಲಿ ಬರೆದು ಖಚಿತಪಡಿಸಿಕೊಳ್ಳುವ ರೂಢಿ ಮಾಡಿಕೊಳ್ಳಿ, ಮತ್ತು ಲೇಖನ ಕಳಿಸಿದ ದಿನವೇ ದಿನಾಂಕ, ಬಿಲ್ ಸಂಖ್ಯೆ, ಪ್ಯಾನ್ ಇರುವ ಬಿಲ್ಲನ್ನೂ ಕಳಿಸಿ. ಕಿರು, ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಒಬ್ಬರೇ ದುಡಿಯುವ ಸೇವಾ ವೃತ್ತಿಯವರೂ ಅದನ್ನು ಮಾಡಿಸಿಕೊಳ್ಳುತ್ತಾರೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಒಪ್ಪಂದ ಏನೇ ಇದ್ದರೂ, 45 ದಿನಗಳೊಳಗೆ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ; ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಆಗಿರುವುದು ಕ್ಷೇಮ, ಆದ್ದರಿಂದ ನಿಮ್ಮ ಹಳೆಯ ಬಾಕಿಗೆ ಇದು ನೆರವಾಗದಿರಬಹುದು. ಆ ಬಾಕಿಗಾಗಿ ಸಂಪಾದಕರಿಗೂ ಲೆಕ್ಕಪತ್ರ ವಿಭಾಗಕ್ಕೂ ಒಟ್ಟಿಗೆ, ಸೌಜನ್ಯದಿಂದ, ಆದರೆ ಹಣ ಕೊಡಬೇಕಾದ ಕೊನೆಯ ದಿನಾಂಕವನ್ನು ಸ್ಪಷ್ಟವಾಗಿ ಹೇಳಿ ಪತ್ರ ಬರೆಯಿರಿ. ಹಣ ಕೊಡುವಾಗ ಶೇಕಡಾ 10ರಷ್ಟು ತೆರಿಗೆ ಮುರಿದುಕೊಂಡಿದ್ದರೆ ಗಾಬರಿ ಬೇಡ. ನಿಮ್ಮ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ನೀವು ಸಂಬಳದ ನೌಕರರಲ್ಲವಾದ್ದರಿಂದ, ಬರೆದುಕೊಡದ ಹೊರತು ಲೇಖನದ ಹಕ್ಕುಸ್ವಾಮ್ಯ ನಿಮ್ಮದೇ. ಹಕ್ಕು ವರ್ಗಾವಣೆ ಲಿಖಿತವಾಗಿಯೇ ಆಗಬೇಕು, ಮತ್ತು ಅದರಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕಷ್ಟೇ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲಿರುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಸಂದರ್ಶನ ಮಾಡಿದ ಬುಟಿಕ್‌ನವರು ಬೆಲೆಬಾಳುವ ಸೀರೆಯೊಂದನ್ನು ಮನೆಗೆ ಕಳಿಸಿದ್ದಾರೆ. ಲೇಖನವನ್ನು ಅಚ್ಚಿಗೆ ಮುಂಚೆ ತೋರಿಸಬೇಕೆಂದೂ ಕೇಳಿದ್ದಾರೆ. (ಠಾಣೆ)

ಉತ್ತರ: ಸೀರೆಯನ್ನು ಮಡಿಕೆ ಬಿಚ್ಚದೆ, ಎರಡು ಸಾಲಿನ ಧನ್ಯವಾದದೊಂದಿಗೆ ಹಿಂತಿರುಗಿಸಿ. ಹೀಗೆ ಮಾಡಿದರೆ ಸಂಬಂಧ ಕೆಡುತ್ತದೆ ಎಂದು ಹೆದರಬೇಡಿ, ನನ್ನ ಅನುಭವದಲ್ಲಿ ಅಂಥವರು ಮುಂದಿನ ಸಲ ಹೆಚ್ಚು ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಲೇಖನವನ್ನು ತೋರಿಸಬೇಕಿಲ್ಲ, ಆದರೆ ನೂಲಿನ ಹೆಸರು, ಬೆಲೆ, ಅವರದೇ ಮಾತುಗಳು ಸರಿಯಾಗಿವೆಯೇ ಎಂದು ಫೋನಿನಲ್ಲಿ ಓದಿ ಹೇಳುವುದು ನಿಮ್ಮ ಕರ್ತವ್ಯ. ಉಡುಗೊರೆ ಪಡೆದು ಇನ್‌ಸ್ಟಾಗ್ರಾಂನಲ್ಲಿ ಹಾಕುವವರು ಅದನ್ನು ಜಾಹೀರಾತೆಂದು ನಮೂದಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ತಂದಿದೆ. ನಿಮ್ಮ ಮಾತನ್ನು ನಂಬಿ, ಸಂಬಳದಲ್ಲಿ ಉಳಿಸಿ ಸೀರೆ ಕೊಳ್ಳುವ ಓದುಗಾರ್ತಿಯೊಬ್ಬಳು ಇದ್ದಾಳೆ. ನಾನು ಬರೆಯುವಾಗ ನನ್ನ ಕಣ್ಣ ಮುಂದೆ ಇರುವವಳು ಅವಳೇ.

ಪ್ರಶ್ನೆ: ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಕಲಾವಿದರ ಬಗ್ಗೆ ಪ್ರತಿ ವರ್ಷ ಬರೆಯುತ್ತೇನೆ. ಎಲ್ಲವೂ ಒಂದೇ ಥರ ಆಗುತ್ತಿದೆ. ಹೊಸದಾಗಿ ಬರೆಯುವುದು ಹೇಗೆ? (ಮೀರಾ ರೋಡ್)

ಉತ್ತರ: ನೀವು ಕಳಿಸಿದ ತುಣುಕುಗಳನ್ನು ಓದಿದೆ. ಅವುಗಳಲ್ಲಿ ಸನ್ಮಾನಿತರ ಹೆಸರುಗಳಿವೆ, ಅಧ್ಯಕ್ಷರ ಭಾಷಣವಿದೆ, ವೇಷವಿಲ್ಲ. ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮುಂಬಯಿಗೆ ಬರುವ ಕಲಾವಿದರು ಮಾಟುಂಗದಲ್ಲೋ ಉಪನಗರದ ಸಭಾಗೃಹದಲ್ಲೋ ಬಣ್ಣ ಹಚ್ಚುವಾಗ, ಆಟಕ್ಕೆ ಎರಡು ಗಂಟೆ ಮೊದಲೇ ಅನುಮತಿ ಪಡೆದು ಚೌಕಿಯ, ಅಂದರೆ ಬಣ್ಣ ಹಚ್ಚುವ ಕೋಣೆಯ, ಮೂಲೆಯಲ್ಲಿ ಕುಳಿತುಕೊಳ್ಳಿ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮುಂಡಾಸನ್ನು ವೇಷಧಾರಿಯ ತಲೆಯ ಮೇಲೆಯೇ ಬಟ್ಟೆ ಸುತ್ತಿ ಸುತ್ತಿ ಕಟ್ಟುವುದನ್ನು, ಬಿಗಿ ಸಾಲದೆ ಮತ್ತೆ ಬಿಚ್ಚಿ ಕಟ್ಟುವುದನ್ನು, ದಕ್ಷಿಣದ ಶೈಲಿಯಾದ ತೆಂಕಿನಲ್ಲಿ ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮುಖದ ಮೇಲೆ ಅಕ್ಕಿ ಹಿಟ್ಟು ಮತ್ತು ಸುಣ್ಣದ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಡುವಾಗ ಕಲಾವಿದ ಕನ್ನಡಿಯ ಮುಂದೆ ಮಾತಿಲ್ಲದೆ ಕುಳಿತಿರುವುದನ್ನು ನೋಡಿ. ಫ್ಯಾಷನ್ ಎಂದು ನಾವು ಬರೆಯುವ ಎಷ್ಟೋ ಸಂಗತಿಗಳಿಗಿಂತ ಹೆಚ್ಚಿನ ಕೈಚಳಕ ಅಲ್ಲಿದೆ. ಚೌಕಳಿಯ ಕಸೆ ಸೀರೆಯನ್ನು ಉಡಿಸುವವರನ್ನು, ಇದನ್ನು ಈಗ ಎಲ್ಲಿಂದ ತರಿಸುತ್ತೀರಿ, ನೂಲು ಯಾವುದು, ಒಗೆದರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿ. ಆ ಉತ್ತರದಿಂದ ಲೇಖನವನ್ನು ಶುರುಮಾಡಿ, ಅಧ್ಯಕ್ಷರ ಭಾಷಣಕ್ಕೆ ಕೊನೆಯಲ್ಲಿ ಜಾಗ ಉಳಿದರೆ ಒಂದು ಸಾಲು ಕೊಡಿ.